ಕೆಂಡರೊಟ್ಟಿ

ಅರಸೀಕೆರೆ
17-11-1957

ಪ್ರೀತಿಯ ಅಕ್ಕ,

ಕಾರ್ಡಿನಲ್ಲಿ ಬರೆಯುವ ಮಾತಲ್ಲ, ಅದಕ್ಕೇ ಅಂಟು ಹಾಕಿದ ಕವರು. ಅಪ್ಪ ಗುಡಿಗೆ ಹೋದ ಮೇಲೆ ಓದು.

ಹೋದ ಗುರುವಾರ ಅಪ್ಪನನ್ನು ಇಲ್ಲಿನ ಡಾಕ್ಟರಿಗೆ ತೋರಿಸಿದೆನಲ್ಲ, ಬೇಲೂರಿಗೆ ಬಂದು ನಿನ್ನ ಹತ್ತಿರ ‘ಏನೂ ಇಲ್ಲವಂತೆ, ಬರೀ ನಿಶ್ಶಕ್ತಿ’ ಅಂದಿರುತ್ತಾರೆ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದ್ದು ಬೇರೆ. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲವಂತೆ. ಕಾಲು ಊದುವುದು, ಗುಡಿಯ ನಾಲ್ಕು ಮೆಟ್ಟಿಲಿಗೆ ಏದುಸಿರು ಬರುವುದು, ಎಲ್ಲ ಅದರಿಂದಲೇ. ವಾರಕ್ಕೊಂದು ಸೂಜಿಮದ್ದು ಅಂದರು. ಅಪ್ಪ ತೋಳು ಚಾಚಿ ಕೂತವರು ಸುಮ್ಮನಿರಬಾರದೆ? ‘ಇದನ್ನ ಯಾವ ಬೇರಿನಿಂದ ತೆಗೀತಾರೆ ಸ್ವಾಮಿ?’ ಅಂತ ಕೇಳಿದರು. ಆ ಡಾಕ್ಟರು ಸುಳ್ಳು ಹೇಳದ ಮನುಷ್ಯ. ‘ಬೇರಲ್ಲ ಅಯ್ಯಂಗಾರ್ಯರೇ, ಪ್ರಾಣಿಯ ಈಲಿಯಿಂದ, ಲಿವರ್ ಅಂತೀವಲ್ಲ ಅದರಿಂದ’ ಅಂದುಬಿಟ್ಟರು. ಅಪ್ಪ ತೋಳು ಮಡಚಿ, ಶಲ್ಯ ಕೊಡವಿ ಹೊದ್ದುಕೊಂಡು ಎದ್ದೇಬಿಟ್ಟರು. ಬಾಗಿಲಲ್ಲಿ ನಿಂತು ಡಾಕ್ಟರಿಗೆ ನಮಸ್ಕಾರ ಮಾಡುವುದನ್ನು ಮಾತ್ರ ಮರೆಯಲಿಲ್ಲ.

ಆಮೇಲೆ ಡಾಕ್ಟರು ನನಗೆ ಹೇಳಿದರು: ‘ಹಾಲು ಒಗ್ಗಲ್ಲ ಅಂತೀರಿ, ಬೇಳೆ ಅರಗಲ್ಲ ಅಂತೀರಿ. ಮೊಟ್ಟೆಯನ್ನಾದರೂ ತಿನ್ನಿಸಿ ತಾಯಿ. ಅದೂ ಆಗದಿದ್ದರೆ ಬರೋ ಮಳೆಗಾಲ ಅವರು ದಾಟೋದು ನನಗೆ ಕಾಣಲ್ಲ.’

ಅಪ್ಪನ ಬಾಯಿಗೆ ಮೊಟ್ಟೆ! ನಲವತ್ತು ವರ್ಷ ಗೋಪಾಲಸ್ವಾಮಿಗೆ ನೈವೇದ್ಯ ಬೇಯಿಸಿದ ಮನುಷ್ಯನಿಗೆ!

ಅಕ್ಕ, ನಮ್ಮ ರೈಲ್ವೆ ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ಗಾಡಿ ಗಾರ್ಡರ ಹೆಂಡತಿ ಇದ್ದಾರೆ. ಕ್ರೈಸ್ತರು. ನಾವೆಲ್ಲ ಗಾರ್ಡಮ್ಮ ಅಂತಲೇ ಕರೆಯೋದು. ಅವರು ಸಿಪ್ಪೆ ಕಪ್ಪಾದ ಬಾಳೆಹಣ್ಣು ಕಿವುಚಿ, ಬೆಲ್ಲ, ತುಪ್ಪ, ಹಿಟ್ಟು, ಚಿಟಿಕೆ ಸೋಡ ಸೇರಿಸಿ ಒಂದು ಮೆತ್ತನೆಯ ರೊಟ್ಟಿ ಮಾಡುತ್ತಾರೆ. ದೊಡ್ಡ ಪಾತ್ರೆಯಲ್ಲಿ ಮರಳು ಕಾಯಿಸಿ, ಅದರೊಳಗೆ ತಗಡಿನ ಡಬ್ಬ ಇಟ್ಟು, ಮುಚ್ಚಳದ ಮೇಲೂ ಕೆಂಡ ಹೇರುತ್ತಾರೆ. ಅದಕ್ಕೆ ಮೂರು ಮೊಟ್ಟೆ ಒಡೆದು ಹಾಕುತ್ತಾರೆ. ಬೆಂದ ಮೇಲೆ ಬಾಳೆಹಣ್ಣಿನ ವಾಸನೆ ಒಂದೇ, ಬೇರೆ ಏನೂ ತಿಳಿಯುವುದಿಲ್ಲ.

ನಮ್ಮಪ್ಪ ಕೇಳುವುದು ಒಂದೇ ಪ್ರಶ್ನೆ ಅಂತ ನಿನಗೂ ಗೊತ್ತು: ನೀರು ಸೋಕಿದೆಯಾ? ನೀರಲ್ಲಿ ಬೆಂದದ್ದು ಮುಸುರೆ, ಅದು ಊರು ದಾಟಿ ಬರುವ ಹಾಗಿಲ್ಲ. ಈ ರೊಟ್ಟಿಗೆ ಒಂದು ಹನಿ ನೀರೂ ಬೇಡ ಅಕ್ಕ, ಹಣ್ಣಿನ ರಸದಲ್ಲೇ ಹಿಟ್ಟು ಕಲಸಿಕೊಳ್ಳುತ್ತದೆ. ನಾನು ಅಷ್ಟನ್ನೇ ಹೇಳುತ್ತೇನೆ. ಅಷ್ಟೂ ನಿಜವೇ.

ಬರುವ ಗುರುವಾರದಿಂದ ವಾರಕ್ಕೆ ಎರಡು ಸಲ, ಬಸ್ಸಿನ ಕಂಡಕ್ಟರ್ ಕರಿಯಪ್ಪನ ಕೈಯಲ್ಲಿ ಬುಟ್ಟಿ ಬರುತ್ತದೆ. ನಮ್ಮ ಮನೆಯವರಿಗೆ ಹೇಳಿದೆ. ‘ನಾನು ಏನೂ ಕೇಳಿಸಿಕೊಂಡಿಲ್ಲ’ ಅಂತ ಟೋಪಿ ತಗೊಂಡು ಸ್ಟೇಷನ್ನಿಗೆ ಹೊರಟುಹೋದರು. ನೀನು ಮಾತ್ರ ಹೇಳಿಬಿಡಬೇಡ.

ನಿನ್ನ
ಗೋದಾ


ಬೇಲೂರು
26-11-1957

ಗೋದಾ,

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಗಂಡ ಹೋದ ಮೇಲೆ ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಅಪ್ಪನಿಗೆ ಹೇಳದ ಮಾತು ಅಂತ ಒಂದೂ ಇರಲಿಲ್ಲ ನನ್ನ ಹತ್ತಿರ. ಈಗ ನೀನು ಒಂದು ಕೊಟ್ಟೆ.

ಬುಟ್ಟಿ ಬಂತು. ನಾನು ಮುಟ್ಟಲಿಲ್ಲ. ಮಡಿಯಲ್ಲಿದ್ದೀನಿ ಅಂದೆ. ಅಪ್ಪನೇ ಕರಿಯಪ್ಪನ ಕೈಯಿಂದ ಇಳಿಸಿಕೊಂಡರು. ಅವನೋ, ‘ಅಯ್ನೋರೇ, ಇದರ ವಾಸ್ನೆಗೆ ಹಳೇಬೀಡಿನಾಗೆ ಇಳಿಯೋರು ಯಾರೂ ಇಳೀನಿಲ್ಲ, ಎಲ್ರೂ ಬೇಲೂರ್ಗೇ ಬಂದವ್ರೆ’ ಅಂದ. ಅಪ್ಪ ನಕ್ಕರು. ಎಷ್ಟು ದಿನವಾಗಿತ್ತು ಅವರು ನಕ್ಕು!

‘ನೀರು ಸೋಕಿದೆಯಾ?’ ಅಂತ ನನ್ನ ಕೇಳಿದರು. ಇಲ್ಲವಂತೆ ಅಂದೆ. ತಿಂದರು. ಇನ್ನೊಂದು ಚೂರು ತಿಂದರು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಿದ್ದೆ.

ಹೇಳುವುದಿಲ್ಲ. ಆದರೆ ಅವರು ನೇರವಾಗಿ ನನ್ನನ್ನು ಕೇಳಿದರೆ ಸುಳ್ಳು ಹೇಳೋದಕ್ಕೆ ನನ್ನಿಂದ ಆಗುವುದಿಲ್ಲ. ಅದನ್ನು ಈಗಲೇ ತಿಳಿದುಕೊ.

ಯದುಗಿರಿ


ಬೇಲೂರು
5-1-1958

ಚಿ. ಸೌ. ಗೋದಾಳಿಗೆ ವರದರಾಜನ ಆಶೀರ್ವಾದ.

ಮಗಳೇ, ನಿನ್ನ ರೊಟ್ಟಿಗೆ ನಾನೊಂದು ಹೆಸರಿಟ್ಟಿದ್ದೇನೆ. ಕೆಳಗೂ ಕೆಂಡ ಮೇಲೂ ಕೆಂಡ ಇಟ್ಟು ಬೇಯಿಸಿದ್ದು ಅಂತ ಬರೆದಿದ್ದೆಯಲ್ಲ, ಅದಕ್ಕೆ ಕೆಂಡರೊಟ್ಟಿ. ಹೆಸರು ನಮ್ಮ ಬೀದಿಗೆಲ್ಲ ಹಬ್ಬಿದೆ. ಎದುರು ಮನೆಯ ಚೆಲುವಾಂಬ ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ‘ಏನ್ ಮಾಮ, ಮದುವೆ ಗಂಡಿನ ಹಾಗೆ ಕೆಂಪಗಾಗಿದ್ದೀರಿ!’ ಅಂತ ಹಾಸ್ಯ. ಚೂರು ಕೊಡುವವರೆಗೂ ಹೋಗುವುದಿಲ್ಲ.

ಹಾಸ್ಯ ಹಾಗಿರಲಿ, ಕಾಲಿನ ಊತ ಇಳಿದಿದೆ. ಧನುರ್ಮಾಸದ ಪೊಂಗಲು ಇವತ್ತಿನವರೆಗೆ ದಿನವೂ ನಾನೇ ಇಳಿಸಿದ್ದೇನೆ. ಹೋದ ವರ್ಷ ಆ ಕೊಪ್ಪರಿಗೆ ಎತ್ತಲು ಅರ್ಚಕ ಸಂಪತ್ಕುಮಾರ್ ಕೈ ಹಾಕಬೇಕಾಗಿತ್ತು. ಡಾಕ್ಟರು ಈಲಿ ಅಂದರು, ಸ್ವಾಮಿ ಬಾಳೆಹಣ್ಣು ಅಂದ. ನೋಡಿದೆಯಾ ಯಾರ ಮಾತು ನಡೆಯಿತು?

ಈಗ ಒಂದು ಕೆಲಸ ಮಾಡು. ಅಳತೆ, ಕ್ರಮ ಎಲ್ಲ ಬಿಡಿಸಿ ಬರೆ. ನೀರಿಲ್ಲದ ಪಾಕ, ಹಣ್ಣಿನದು, ಮಗಳು ಮಡಿಯಲ್ಲಿ ಮಾಡಿದ್ದು. ನಾನೊಬ್ಬನೇ ತಿನ್ನುವುದು ಸರಿಯಲ್ಲ. ಸ್ವಾಮಿಗೂ ಒಂದು ಸಲ ಆಗಲಿ ಅಂತ ಮನಸ್ಸಿಗೆ ಬಂದಿದೆ.

ಅಳಿಯ ಪಾರ್ಥಸಾರಥಿಗೂ ಮಗುವಿಗೂ ಆಶೀರ್ವಾದ.

ಇಂತು
ವರದರಾಜಯ್ಯಂಗಾರ್


ಅರಸೀಕೆರೆ
20-1-1958

ಅಪ್ಪನವರ ಪಾದಗಳಿಗೆ ಗೋದಾಳ ನಮಸ್ಕಾರ.

ನಿಮ್ಮ ಕಾಗದಕ್ಕೆ ಉತ್ತರ ತಡವಾಯಿತು, ಮಗುವಿಗೆ ನೆಗಡಿ.

ಪಾಕ ಹೀಗೆ: ಆರು ಪುಟ್ಟಬಾಳೆ, ಸಿಪ್ಪೆ ಕಪ್ಪಾಗಿರಬೇಕು, ಕೈಯಲ್ಲೇ ಕಿವುಚಬೇಕು. ಒಂದು ಪಾವು ಗೋಧಿ ಹಿಟ್ಟು. ಅರ್ಧ ಪಾವು ಬೆಲ್ಲದ ಪುಡಿ. ತುಪ್ಪ ನಾಲ್ಕು ದೊಡ್ಡ ಚಮಚ. ಅಡಿಗೆ ಸೋಡ ಎರಡು ಚಿಟಿಕೆ. ಏಲಕ್ಕಿ ನಿಮ್ಮ ಇಷ್ಟ. ತುಪ್ಪ ಬೆಲ್ಲ ಉಜ್ಜಿ, ಹಣ್ಣು ಸೇರಿಸಿ, ಕೊನೆಗೆ ಹಿಟ್ಟು. ಹೆಚ್ಚು ಕಲಸಬಾರದು. ಡಬ್ಬಕ್ಕೆ ತುಪ್ಪ ಸವರಿ, ಮರಳಿನ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಹಾಕಿ ಒಂದು ಗಂಟೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟಬಾರದು.

ಇಷ್ಟೇ ಅಪ್ಪ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಆದರೂ ನೀವು ಒಲೆಯ ಮುಂದೆ ಯಾಕೆ ಹೊಗೆ ಕುಡಿಯಬೇಕು? ನಾನು ಕಳಿಸುತ್ತಲೇ ಇರುತ್ತೇನೆ.

ನಿಮ್ಮ ಮಗಳು
ಗೋದಾ


ಬೇಲೂರು
16-2-1958

ಚಿ. ಸೌ. ಗೋದಾಳಿಗೆ ಆಶೀರ್ವಾದ.

ಐದು ಸಲ ಮಾಡಿದೆ. ಮೊದಲನೆಯದನ್ನು ಹಳೇಬೀಡಿಗೆ ಕಳಿಸಿದ್ದರೆ ಬಿದ್ದ ಗೋಡೆಗೆ ಕಲ್ಲಾಗಿ ಕೂಡಿಸಬಹುದಿತ್ತು. ಎರಡನೆಯದು ನಡುವೆ ಅಂಬಲಿ. ಮೂರನೆಯದನ್ನು ಹಸುವಿನ ಮುಂದಿಟ್ಟೆ, ಅದು ನನ್ನ ಮುಖ ನೋಡಿತು. ನಾಲ್ಕು, ಐದು ಹೇಳುವುದೇ ಬೇಡ.

ಗೋದಾ, ನಾನು ಹುಡುಗಾಟಕ್ಕೆ ಬರೆಯುತ್ತಿಲ್ಲ. ಸಾವಿರ ಎಲೆಗೆ ಪುಳಿಯೋಗರೆ ಕಲಸಿದ ಕೈ ಇದು. ಬೆಂದದ್ದನ್ನು ನಾಲಿಗೆಗೆ ಇಟ್ಟರೆ ಏನೇನು ಬಿದ್ದಿದೆ ಅಂತ ಹೇಳಬಲ್ಲೆ. ನಿನ್ನ ರೊಟ್ಟಿ ಮುರಿದರೆ ಒಳಗೆ ಜೇನುಗೂಡಿನ ಹಾಗೆ ಸಣ್ಣ ಕಣ್ಣು ಬಿಟ್ಟಿರುತ್ತದೆ, ಬಣ್ಣ ಹೊಂಬಣ್ಣ. ನನ್ನದು ಬೂದು. ನಿನ್ನದನ್ನು ಬೆರಳಲ್ಲಿ ಅದುಮಿದರೆ ಮತ್ತೆ ಏಳುತ್ತದೆ. ನನ್ನದು ಏಳುವುದಿಲ್ಲ. ಹಣ್ಣಿಗೂ ಹಿಟ್ಟಿಗೂ ಆ ಶಕ್ತಿ ಇಲ್ಲ. ನೀನು ಬರೆದದ್ದರಲ್ಲಿ ಏನೋ ಒಂದು ಬಿಟ್ಟುಹೋಗಿದೆ.

ಅರಿಸಿನ ಹಾಕಿ ನೋಡಿದೆ. ಅದಲ್ಲ. ಉದ್ದಿನ ಹಿಟ್ಟು ನೊರೆ ಬರಿಸಿ ಹಾಕಿದೆ. ಹತ್ತಿರ ಬಂತು, ಆದರೆ ಅದೂ ಅಲ್ಲ. ಯೋಚನೆ ಮಾಡಿ ಬರೆ. ಏನು ಬಿಟ್ಟಿದ್ದೀಯ?

ಇಂತು
ವರದರಾಜಯ್ಯಂಗಾರ್


ಬೇಲೂರು
3-3-1958

ಗೋದಾ,

ಅಪ್ಪನ ಆ ಕಾಗದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಅವರು ದಿನಾ ಅಂಚೆಯವನ ದಾರಿ ಕಾಯುತ್ತಾರೆ.

ಬೇರೆ ಏನೂ ಮಾತಿಲ್ಲ ಈಗ ಮನೆಯಲ್ಲಿ. ಉಣ್ಣುತ್ತಾ ಉಣ್ಣುತ್ತಾ ಕೈ ನಿಲ್ಲಿಸಿ, ‘ತೆಂಗಿನ ಹಾಲು ಇರಬಹುದಾ?’ ಅನ್ನುತ್ತಾರೆ. ನಿನ್ನ ರೊಟ್ಟಿಯ ಚೂರನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ, ನೀರಲ್ಲಿ ನೆನೆಸಿ ನೋಡುತ್ತಾರೆ. ನಿನ್ನೆ ನನ್ನನ್ನೇ ನೋಡುತ್ತಾ ಕೂತಿದ್ದರು. ನಾನು ಅಕ್ಕಿ ಆರಿಸುವ ಮೊರ ಎತ್ತಿಕೊಂಡು ಒಳಗೆ ಹೋದೆ. ನಾನು ಹೋದದ್ದನ್ನೂ ನೋಡಿದರು.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ರಾಮನವಮಿಗೆ ಪಾನಕ ಕೋಸಂಬರಿಯ ಜೊತೆ ಕೆಂಡರೊಟ್ಟಿ ನೈವೇದ್ಯ ಅಂತ ಸಂಪತ್ಕುಮಾರ್‌ಗೆ ಮಾತು ಕೊಟ್ಟಿದ್ದಾರೆ. ಬೀದಿಗೆಲ್ಲ ಹೇಳಿಯಾಗಿದೆ. ‘ನನಗೆ ಒಲಿಯದಿದ್ದರೆ ಗೋದಾನೇ ಮಾಡಿ ತರುತ್ತಾಳೆ’ ಅಂದಿದ್ದಾರೆ.

ಅಪ್ಪನ ಪ್ರಾಣಕ್ಕೆ ಅಂತ ನಾನು ಬಾಯಿ ಮುಚ್ಚಿಕೊಂಡೆ. ಸ್ವಾಮಿಯ ಮುಂದೆ ಅದನ್ನು ಇಡಿಸಿದರೆ ಮುಚ್ಚಿಕೊಳ್ಳುವುದಿಲ್ಲ. ಮಾಡುವುದನ್ನು ಬೇಗ ಮಾಡು.

ಯದುಗಿರಿ


ಅರಸೀಕೆರೆ
12-3-1958

ಅಕ್ಕ,

ಮೊಟ್ಟೆ ಇಲ್ಲದೆ ನಾನೂ ನಾಲ್ಕು ಸಲ ಮಾಡಿದೆ. ಅಪ್ಪನ ಹಸು ತಿನ್ನಲಿಲ್ಲ, ಇಲ್ಲಿ ಗಾರ್ಡಮ್ಮನ ಕೋಳಿಗಳೂ ತಿನ್ನಲಿಲ್ಲ. ‘ಮೊಟ್ಟೆ ಬಿಟ್ಟು ಇದು ಏಳೋದಿಲ್ಲ ಗೋದಾ, ಸುಮ್ಮನೆ ಯಾಕೆ ಹಿಟ್ಟು ಹಾಳು ಮಾಡ್ತೀಯ?’ ಅಂತ ಗಾರ್ಡಮ್ಮ ಬೈದರು.

ನಾನು ರಾಮನವಮಿಗೆ ಬರುವುದಿಲ್ಲ. ಮಗುವಿಗೆ ದಡಾರ ಅಂತ ಅಪ್ಪನಿಗೆ ಕಾರ್ಡು ಹಾಕುತ್ತೇನೆ. ದಡಾರ ಬಂದ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ, ರೊಟ್ಟಿ ಯಾರೂ ಕೇಳುವುದಿಲ್ಲ. ಚೆನ್ನಾಗಿರುವ ಮಗುವಿನ ಮೇಲೆ ಇಲ್ಲದ ಕಾಯಿಲೆ ಬರೆಯುವುದು ಪಾಪ ಅಂತ ಗೊತ್ತು ಅಕ್ಕ. ಆದರೂ ಬರೆದೆ.

ಗೋದಾ


ಬೇಲೂರು
31-3-1958

ಚಿ. ಸೌ. ಗೋದಾಳಿಗೆ ಅನೇಕ ಆಶೀರ್ವಾದ.

ಮಗುವಿನ ದಡಾರ ಇಳಿದಿರಬೇಕು, ನಿನ್ನ ಬುಟ್ಟಿ ಮತ್ತೆ ಬಂತಲ್ಲ. ಸ್ವಾಮಿ ಕಾಪಾಡುತ್ತಾನೆ.

ಗೋದಾ, ಸಿಕ್ಕಿತು! ನೀನು ಬರುವುದಿಲ್ಲ ಅಂತ ಕಾರ್ಡು ಬಂದಾಗ ಮಾತು ಹೋಯಿತಲ್ಲ ಅಂತ ಮಂಕಾಗಿ ಕೂತಿದ್ದೆ. ಯದುಗಿರಿ ಹಿಂದಿನ ದಿನದ ಮೊಸರು ಹುಳಿಯಾಗಿದೆ ಅಂತ ಚೆಲ್ಲಲು ಹೊರಟಿದ್ದಳು. ನಿಲ್ಲು ಅಂದೆ. ಹುಳಿ ಮೊಸರಿಗೆ ಸೋಡ ಹಾಕಿದೆ. ಕಡಲು ಉಕ್ಕಿದ ಹಾಗೆ ಉಕ್ಕಿತು ನೋಡು! ನೊರೆ ಇಳಿಯುವ ಮೊದಲೇ ಹಣ್ಣು ಹಿಟ್ಟಿನೊಳಗೆ ಸುರಿದು, ಮೇಲಿನ ಕೆಂಡ ಎರಡರಷ್ಟು ಮಾಡಿದೆ. ಮುಚ್ಚಳ ತೆಗೆದರೆ ಅಂಗೈ ಎತ್ತರಕ್ಕೆ ಎದ್ದಿದೆ. ಒಳಗೆ ಪಸೆ, ಮೇಲೆ ಕೆಂಪು. ಬಣ್ಣ ನಿನ್ನದರಷ್ಟು ಬರಲಿಲ್ಲ, ಹಗುರ ಮಾತ್ರ ನಿನ್ನದಕ್ಕಿಂತ ಹೆಚ್ಚು. ನೀನು ಬಿಟ್ಟದ್ದು ಮೊಸರೇ ಅಂತ ಈಗ ಗೊತ್ತಾಯಿತು. ಇಷ್ಟು ಸಣ್ಣದನ್ನು ಮರೆಯುತ್ತಾರೇನೇ ಪೆದ್ದಿ?

ನವಮಿಯ ದಿನ ಸ್ವಾಮಿಗೆ ಆಯಿತು. ಸಂಪತ್ಕುಮಾರ್ ಕಣ್ಣಲ್ಲಿ ನೀರು ತಂದುಕೊಂಡ. ಚೆಲುವಾಂಬ ಮೂರು ಸಲ ಪ್ರಸಾದಕ್ಕೆ ಕೈ ಒಡ್ಡಿದಳು.

ಇನ್ನು ನೀನು ಕಳಿಸುವುದು ಬೇಡ ಮಗಳೇ. ಮಗುವನ್ನು ಇಟ್ಟುಕೊಂಡು ಸಾಕಷ್ಟು ಕಷ್ಟಪಟ್ಟೆ. ಕರಿಯಪ್ಪನಿಗೂ ಹೇಳಿದ್ದೇನೆ. ಇವತ್ತು ಅವನ ಕೈಯಲ್ಲಿ ನಿನ್ನ ಬುಟ್ಟಿ ಹಾಗೇ ತಿರುಗಿ ಬರುತ್ತದೆ, ಅದರ ಮೇಲೆ ನನ್ನದೊಂದು ರೊಟ್ಟಿ ಇದೆ. ತಿಂದು ನೋಡಿ ಬರೆ.

ಇಂತು
ವರದರಾಜಯ್ಯಂಗಾರ್


ಬೇಲೂರು
9-6-1958

ಗೋದಾ,

ಎರಡು ತಿಂಗಳು ನಾನು ಬರೆಯಲಿಲ್ಲ. ನೆಮ್ಮದಿಯಾಗಿದ್ದೆ, ಅದಕ್ಕೆ. ಮನೆಯಲ್ಲಿ ಮುಚ್ಚಿಡುವುದು ಏನೂ ಇರಲಿಲ್ಲ. ನೀನು ಮತ್ತೆ ಮತ್ತೆ ಕಳಿಸಿದ ಬುಟ್ಟಿಗಳನ್ನೆಲ್ಲ ಅಪ್ಪ ಬಸ್‌ಸ್ಟಾಂಡಿನಿಂದಲೇ ತಿರುಗಿಸಿದರು. ನಾನೂ ತಡೆಯಲಿಲ್ಲ.

ಈಗ ಕಾಲು ಮೊಣಕಾಲವರೆಗೆ ಊದಿದೆ. ಬೆರಳಲ್ಲಿ ಅದುಮಿದರೆ ಗುಳಿ ಹಾಗೇ ನಿಲ್ಲುತ್ತದೆ. ತುಟಿ ಬಿಳಿ. ಕಣ್ಣೂ ಮಂಜು ಅನ್ನುತ್ತಾರೆ, ಅಕ್ಷರಗಳು ಇರುವೆ ಹರಿದ ಹಾಗೆ ಕಾಣುತ್ತವಂತೆ. ಆದರೂ ವಾರಕ್ಕೆರಡು ಸಲ ಕೆಂಡದ ಮುಂದೆ ಕೂತು ರೊಟ್ಟಿ ಮಾಡಿ, ‘ಇದನ್ನ ತಿಂದೇ ನಾನು ಎದ್ದದ್ದು, ಇದೇ ನನ್ನ ಮತ್ತೆ ಎಬ್ಬಿಸುತ್ತೆ’ ಅಂತ ನಗುತ್ತಾ ತಿನ್ನುತ್ತಾರೆ.

ಆ ನಗು ನೋಡಲು ನನ್ನಿಂದ ಆಗುವುದಿಲ್ಲ. ಹಾಗಂತ ಹೇಳಲೂ ಆಗುವುದಿಲ್ಲ. ಮಳೆ ಶುರುವಾಗಿದೆ.

ಯದುಗಿರಿ


ಅರಸೀಕೆರೆ
18-6-1958

ಅಪ್ಪನವರ ಪಾದಗಳಿಗೆ.

ನಾನು ಬಿಟ್ಟದ್ದು ಮೊಸರಲ್ಲ ಅಪ್ಪ. ಮೊಟ್ಟೆ. ಒಂದೊಂದು ರೊಟ್ಟಿಗೆ ಮೂರು. ನವೆಂಬರಿನಿಂದ ರಾಮನವಮಿಯವರೆಗೆ, ನಾಲ್ಕು ತಿಂಗಳು. ಮಡಿಯಲ್ಲಿ ಮಾಡಿದ್ದೂ ಅಲ್ಲ, ಪಕ್ಕದ ಗಾರ್ಡಮ್ಮನ ಜಗಲಿಯಲ್ಲಿ ಮಾಡಿದ್ದು.

ಇದು ಇಲ್ಲದೆ ನೀವು ಈ ಮಳೆಗಾಲ ದಾಟುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಆಗ ನಿಮ್ಮನ್ನು ಎಬ್ಬಿಸಿದ್ದು ಅದೇ. ಈಗ ನೀವು ಮಾಡಿಕೊಳ್ಳುತ್ತಿರುವುದು ಬರೀ ಹಣ್ಣು ಹಿಟ್ಟು. ಅದು ಎಬ್ಬಿಸುವುದಿಲ್ಲ.

ನನ್ನ ಮುಖ ನೋಡಬೇಡಿ. ನನ್ನ ಮನೆಯ ನೀರು ಮುಟ್ಟಬೇಡಿ. ಪ್ರಾಯಶ್ಚಿತ್ತ ಏನಿದ್ದರೂ ನನಗೆ ಹಾಕಿ. ಆದರೆ ಇಲ್ಲಿಗೆ ಬಂದು ಆ ಸೂಜಿಮದ್ದು ಚುಚ್ಚಿಸಿಕೊಳ್ಳಿ. ಇವರು ಶನಿವಾರ ಕರೆದುಕೊಂಡು ಬರಲು ಬರುತ್ತಾರೆ. ಇಲ್ಲ ಅನ್ನಬೇಡಿ ಅಪ್ಪ.

ಗೋದಾ


ಬೇಲೂರು
25-6-1958

ಗೋದಾ,

ಶನಿವಾರ ನಿನ್ನ ಗಂಡ ಬಂದು ಬರಿಗೈಯಲ್ಲಿ ತಿರುಗಿದರು. ಏನಾಯಿತು ಅಂತ ಅವರಿಗೆ ಬಾಯಿಬಿಟ್ಟು ಹೇಳಲಾಗಲಿಲ್ಲ. ಇದರಲ್ಲಿ ಹೇಳುತ್ತೇನೆ.

ನಿನ್ನ ಕಾಗದ ಶುಕ್ರವಾರ ಬೆಳಿಗ್ಗೆ ಬಂತು. ಅಪ್ಪ ಚಾಪೆಯ ಮೇಲೆ ಕೂತಿದ್ದವರು, ‘ಗೋದಾದಾ? ಓದೇ, ನನಗೆ ಕಾಣಲ್ಲ’ ಅಂದರು. ಮೊದಲ ಸಾಲು ಕಣ್ಣಿಗೆ ಬಿದ್ದಿತು. ನೇರವಾಗಿ ಕೇಳಿದರೆ ಸುಳ್ಳು ಹೇಳಲಾರೆ ಅಂತ ನಿನಗೆ ಬರೆದವಳು ನಾನು. ಅವತ್ತು ಕಾಗದ ಹಿಡಿದುಕೊಂಡು, ಅದರಲ್ಲಿ ಇಲ್ಲದ್ದನ್ನೆಲ್ಲ ಗಟ್ಟಿಯಾಗಿ ಓದಿದೆ. ಎಲ್ಲರೂ ಕ್ಷೇಮ, ಮಗುವಿಗೆ ಎರಡು ಹಲ್ಲು ಬಂದಿದೆ, ನಿಮ್ಮ ರೊಟ್ಟಿ ನನ್ನದಕ್ಕಿಂತ ಮೇಲು ಅಂತ. ಅಪ್ಪನ ಮುಖ ಅರಳಿತು. ‘ರೊಟ್ಟಿಯ ಮಾತು ಇನ್ನೊಂದು ಸಲ ಓದು’ ಅಂದರು.

ಮೊದಲಿನಿಂದ ಓದಿದೆ. ಈ ಸಲ ಮಗುವಿಗೆ ನಾಲ್ಕು ಹಲ್ಲು ಅಂದುಬಿಟ್ಟೆ.

ಅಪ್ಪ ಕೈ ಚಾಚಿ ಕಾಗದ ಇಸಿದುಕೊಂಡು, ಮಡಚಿ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಮಳೆ ಜೋರಾಗಿತ್ತು. ಆಮೇಲೆ ಮೆತ್ತಗೆ ಕೇಳಿದರು: ‘ಯದುಗಿರಿ, ಏನು ಬಿಟ್ಟಿದ್ದಳು ಅವಳು?’

ನಾನು ಹೇಳಿದೆ. ಒಂದೇ ಮಾತು.

ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ‘ಹೂಂ, ಅದಕ್ಕೇ ಆ ಬಣ್ಣ’ ಅಂದರು, ಅಡಿಗೆಯವರು ಅಡಿಗೆಯವರ ಹತ್ತಿರ ಮಾತಾಡುವ ಹಾಗೆ. ಆಮೇಲೆ ಗೋಡೆ ಹಿಡಿದು ಎದ್ದರು. ಬಾವಿಗೆ ಹೋದರು. ಆ ಮಳೆಯಲ್ಲಿ, ಆ ಮೈಯಲ್ಲಿ, ಇಪ್ಪತ್ತು ಕೊಡ ತಣ್ಣೀರು ತಾವೇ ಸೇದಿ ತಲೆಗೆ ಸುರಿದುಕೊಂಡರು. ಹಗ್ಗ ಹಿಡಿಯಲು ಹೋದರೆ ಕಣ್ಣಲ್ಲೇ ದೂರ ನಿಲ್ಲಿಸಿದರು.

ಒದ್ದೆ ಪಂಚೆಯಲ್ಲೇ ಗುಡಿಗೆ ಹೋಗಿ, ಬಾಗಿಲಾಚೆ ನಿಂತು, ಪಾಕಶಾಲೆಯ ಬೀಗದಕೈಯನ್ನು ಸಂಪತ್ಕುಮಾರ್‌ಗೆ ಎಸೆದರು. ಅವನು ಗಾಬರಿಯಾಗಿ ‘ಯಾಕೆ ಮಾವಯ್ಯ?’ ಅಂದನಂತೆ. ‘ಪಾಕದಲ್ಲಿ ನನ್ನಿಂದ ತಪ್ಪಾಗಿದೆ. ಯಾವ ತಪ್ಪು ಅಂತ ಕೇಳಬೇಡ’ ಅಂದರಂತೆ. ನಿನ್ನ ಹೆಸರು ಹೇಳಲಿಲ್ಲ. ನನ್ನದೂ ಹೇಳಲಿಲ್ಲ.

ಅವತ್ತಿನಿಂದ ಗುಡಿಯ ಹೊರಗಿನ ಕಲ್ಲುಕಟ್ಟೆಯ ಮೇಲೆ ಕೂತಿದ್ದಾರೆ. ಗುಡಿಯೊಳಗೆ ಹೋಗುವುದಿಲ್ಲ, ಮನೆಗೆ ಬರುವುದಿಲ್ಲ. ಸಂಪತ್ಕುಮಾರ್ ಮೇಲಿನಿಂದ ಬಿಡುವ ತುಳಸಿ ತೀರ್ಥ ಬಿಟ್ಟರೆ ಬಾಯಿಗೆ ಏನೂ ಇಲ್ಲ. ನಿನ್ನ ಗಂಡ ಕಾಲು ಹಿಡಿದರು. ತಲೆ ಸವರಿ, ‘ಹೋಗಿ ಬಾ ಅಪ್ಪ, ಬಸ್ಸಿಗೆ ಹೊತ್ತಾಗುತ್ತೆ’ ಅಂದು ಕಳಿಸಿದರು. ಮೈ ಕೆಂಡದ ಹಾಗೆ ಸುಡುತ್ತಿದೆಯಂತೆ.

ನಿನ್ನೆ ಮಧ್ಯಾಹ್ನ ನಾನು ಮಡಿಯುಟ್ಟು ಮೊಸರನ್ನ ಕಲಸಿ ತೆಗೆದುಕೊಂಡು ಹೋದೆ. ಎಲೆ ಮುಂದಿಟ್ಟೆ. ಎಲೆ ನೋಡಿದರು. ನನ್ನ ಮುಖ ನೋಡಿದರು.

‘ಇದರಲ್ಲಿ ಏನೇನಿದೆ ಮಗಳೇ?’ ಅಂದರು.

ಅನ್ನ, ಮೊಸರು, ಉಪ್ಪು ಅಂದೆ. ಅಷ್ಟೇ ಅಪ್ಪ, ಬೇರೆ ಏನೂ ಇಲ್ಲ ಅಂದೆ. ಆಣೆ ಇಟ್ಟೆ.

‘ಹಾಗಂತ ನೀನು ಹೇಳ್ತೀಯ’ ಅಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಎಲೆಯನ್ನು ಒದ್ದೆಯಾಗದ ಹಾಗೆ ಗೋಡೆಯ ಕಡೆಗೆ ಸರಿಸಿ, ಮಳೆಯ ಕಡೆ ತಿರುಗಿ ಕೂತರು.

ಇವತ್ತು ಬೆಳಿಗ್ಗೆ ಹೋಗಿ ನೋಡಿದೆ. ಎಲೆ ಇಟ್ಟಲ್ಲೇ ಇದೆ.

ಯದುಗಿರಿ